ಕೈಯನ್ನು ತಳ್ಳುವ ಕೋಲು

ರೈಲು ಓಡಿಸುವವನ ಮುಂದೆ ಸ್ಟೀರಿಂಗ್ ಇರುವುದಿಲ್ಲ. ನೌಕರಿಯುದ್ದಕ್ಕೂ ಇದನ್ನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಮದುವೆ ಮನೆಯಲ್ಲಿ ಪಂಕ್ತಿಗೆ ಕೂತರೆ ಪಕ್ಕದವರು ಕೇಳುವ ಮೊದಲ ಪ್ರಶ್ನೆ ಅದೇ: ತಿರುವು ಬಂದಾಗ ಗಾಡಿಯನ್ನು ಹೇಗೆ ತಿರುಗಿಸುತ್ತೀರಿ? ತಿರುಗಿಸುವುದಿಲ್ಲ ಸ್ವಾಮಿ, ಹಳಿ ಎತ್ತ ಹೋಗುತ್ತದೋ ನಾನೂ ಅತ್ತಲೇ ಹೋಗುತ್ತೇನೆ, ಓಡಿಸುವುದು ಮತ್ತು ನಿಲ್ಲಿಸುವುದಷ್ಟೇ ನನ್ನ ಕೆಲಸ ಎಂದರೆ ಕೇಳಿದವರ ಮುಖ ಸಪ್ಪಗಾಗುತ್ತಿತ್ತು. ಇಷ್ಟು ದೊಡ್ಡ ಇಂಜಿನ್ ಓಡಿಸುವವನಿಗೆ ಎಡಕ್ಕೆ ಬಲಕ್ಕೆ ಹೊರಳುವ ಅಧಿಕಾರವೂ ಇಲ್ಲವೇ ಎಂದು ಅವರಿಗೆ ಕನಿಕರ. ಆಗೆಲ್ಲ ನನಗೆ ಸಿಟ್ಟು ಬರುತ್ತಿತ್ತು. ನಿವೃತ್ತಿಯಾಗಿ ಮನೆಯಲ್ಲಿ ಕೂತ ಮೇಲೆ ಮಾತ್ರ, ಅವರು ಕೇಳಿದ್ದರಲ್ಲಿ ತಪ್ಪೇನಿತ್ತು ಅನ್ನಿಸತೊಡಗಿತು.

ನಮ್ಮದು ಧಾರವಾಡದ ಕಡೆ. ರೈಲ್ವೆ ನೌಕರಿ ನನ್ನನ್ನು ಈ ಮೂಲೆಗೆ ತಂದು ಹಾಕಿತು, ನಾನು ಬಂಗಾಳದ ಈ ಹೌರಾದಲ್ಲೇ ಉಳಿದುಬಿಟ್ಟೆ. ಹೆಂಡತಿಗೆ ಇಲ್ಲಿಯ ಸಂತೆ ಒಗ್ಗಿದೆ, ಬಂಗಾಳಿಯಲ್ಲಿ ಜಗಳವಾಡುವಷ್ಟು ಭಾಷೆಯೂ ಬಂದಿದೆ. ಮಗಳು ಇಲ್ಲೇ ಹುಟ್ಟಿ ಬೆಳೆದವಳು. ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಅವಳು ಹಿಂದಿ, ಇಂಗ್ಲಿಷು ಕಲಸಿ ಉತ್ತರ ಕೊಡುತ್ತಾಳೆ. ನದಿಯಾಚೆ ಕಸ್ಬಾದ ಒಂದು ಆಫೀಸಿನಲ್ಲಿ ಅವಳ ಕೆಲಸ. ಅವಳು ಹೊಸ ಕಂಪ್ಯೂಟರ್ ಕೊಂಡಾಗ ಹಳೆಯದನ್ನು ನನಗೆ ದಾಟಿಸಿ, ವಿಮಾನ ಹಾರಿಸುವ ಒಂದು ಆಟವನ್ನು ಅದರಲ್ಲಿ ಹಾಕಿಕೊಟ್ಟಳು. ಅಪ್ಪ ಸುಮ್ಮನೆ ಕೂತು ಅಮ್ಮನ ಅಡಿಗೆಯಲ್ಲಿ ಹುಳುಕು ಹುಡುಕದಿರಲಿ ಎಂಬುದು ಅವಳ ಹಂಚಿಕೆ.

ಹಂಚಿಕೆ ಅತಿಯಾಗಿಯೇ ಫಲಿಸಿತು. ನನಗೆ ಹುಚ್ಚು ಹಿಡಿಯಿತು. ಹಳಿಯೇ ಇಲ್ಲದ ದಾರಿ! ಎಡಕ್ಕೆ ಎಂದರೆ ಎಡಕ್ಕೆ, ಮೇಲಕ್ಕೆ ಎಂದರೆ ಮೇಲಕ್ಕೆ. ಮೊದಮೊದಲು ಕೀಬೋರ್ಡಿನ ಗುಂಡಿ ಒತ್ತಿ ಹಾರಿಸುತ್ತಿದ್ದೆ. ಆಮೇಲೆ ಮಗಳು ಒಂದು ಅಗ್ಗದ ಜಾಯ್‌ಸ್ಟಿಕ್ ತಂದುಕೊಟ್ಟಳು. ಅದನ್ನು ಹಿಡಿದರೆ ಖಾಲಿ ಪಾತ್ರೆಯಲ್ಲಿ ಸೌಟು ಆಡಿಸಿದಂತೆ. ವಿಮಾನ ನೆಲದಲ್ಲಿ ನಿಂತಿರಲಿ, ಮೋಡದೊಳಗೆ ನುಗ್ಗಿರಲಿ, ಕೈಗೆ ತಿಳಿಯುವುದು ಒಂದೇ ಸ್ಪ್ರಿಂಗಿನ ಒಂದೇ ಎಳೆತ. ಇಂಜಿನ್ ಕ್ಯಾಬಿನ್ನಿನಲ್ಲಿ ಹಾಗಲ್ಲ. ಹಿಡಿಕೆಯಲ್ಲಿ, ಕಿಟಕಿಯ ಅಂಚಿನಲ್ಲಿ, ಕೂತ ಸೀಟಿನಲ್ಲಿ, ಎಲ್ಲ ಕಡೆಯಿಂದಲೂ ಗಾಡಿ ತನ್ನ ಸುದ್ದಿ ಹೇಳುತ್ತಿರುತ್ತದೆ. ವಿಮಾನ ತನ್ನ ಸುದ್ದಿಯನ್ನು ಪೈಲಟ್ಟಿನ ಕೈಗೆ ಹೇಗೆ ಹೇಳುತ್ತದೆ? ಈ ಪ್ರಶ್ನೆ ತಲೆಯಲ್ಲಿ ಹುಳದ ಹಾಗೆ ಹೊಕ್ಕಿತು.

ಅದೇ ದಿನಗಳಲ್ಲಿ ಸದರ್ನ್ ಅವೆನ್ಯೂವಿನ ಡಾಕ್ಟರ ಬಳಿ ಹೋಗಬೇಕಾಯಿತು. ಸಕ್ಕರೆ ಕಾಯಿಲೆ ನನ್ನ ಹಳೆಯ ಸಂಗಾತಿ. ಪಾದ ಜೋಮು ಹಿಡಿಯುವುದು ಮೊದಲೇ ಇತ್ತು, ಈಗ ಬಲಗೈ ಬೆರಳುಗಳೂ ಮಂದವಾದ ಹಾಗೆ ಅನ್ನಿಸುತ್ತಿತ್ತು. ಅಂಗಿಯ ಗುಂಡಿ ಹಾಕುವಾಗ ಕಣ್ಣಿಟ್ಟು ನೋಡಬೇಕಾಗುತ್ತಿತ್ತು. ಡಾಕ್ಟರು ಒಂದು ಟ್ಯೂನಿಂಗ್ ಫೋರ್ಕ್ ತೆಗೆದರು. ಶಾಲೆಯಲ್ಲಿ ಬಡಿದು ಕಿವಿಯ ಹತ್ತಿರ ಹಿಡಿಯುತ್ತಿದ್ದೆವಲ್ಲ, ಆ ಎರಡು ಕವಲಿನ ಉಕ್ಕಿನ ಕಡ್ಡಿ. ಅದನ್ನು ಬಡಿದು ನನ್ನ ಮೊಣಕೈಗೆ ಇಟ್ಟರು. ಝುಂ ಎಂದು ತಿಳಿಯಿತು. ಮಣಿಕಟ್ಟಿಗೆ ಇಟ್ಟರು, ತಿಳಿದೂ ತಿಳಿಯದ ಹಾಗೆ. ತೋರುಬೆರಳಿನ ಗೆಣ್ಣಿಗೆ ಇಟ್ಟು, ನಡುಕ ನಿಂತಾಗ ಹೇಳಿ ಎಂದರು. ಇನ್ನೂ ಶುರುವೇ ಆಗಿಲ್ಲವಲ್ಲ ಎಂದೆ ನಾನು.

ಡಾಕ್ಟರು ಕಡ್ಡಿಯನ್ನು ನನ್ನ ಕಿವಿಗೆ ಹಿಡಿದರು. ಅದು ಜೋರಾಗಿಯೇ ಗುಂಯ್‌ಗುಡುತ್ತಿತ್ತು.

ನನಗೆ ಎದೆ ಧಸಕ್ಕೆಂದಿತು. ಎಂಥ ವಿಚಿತ್ರ ನೋಡಿ, ಅದರ ಜೊತೆಗೇ ಕುತೂಹಲವೂ ಕೆರಳಿತು. ಆ ಕಡ್ಡಿಯನ್ನು ನಾನೇ ಈಸಿಕೊಂಡು ಎಡಗೈಗೆ, ಗಲ್ಲಕ್ಕೆ, ಮೊಣಕಾಲಿಗೆ ಇಟ್ಟು ಇಟ್ಟು ನೋಡಿದೆ. ಹೊರಗೆ ರೋಗಿಗಳು ಕಾಯುತ್ತಿದ್ದಾರೆ ಎಂದು ಡಾಕ್ಟರು ನಗುತ್ತಲೇ ಕಸಿದುಕೊಂಡರು. ಇದು ಇನ್ನೂ ಮೇಲಕ್ಕೆ ಏರಬಹುದು, ಏರದೆಯೂ ಇರಬಹುದು, ಸಕ್ಕರೆಯನ್ನು ಹಿಡಿತದಲ್ಲಿಡಿ, ಬಿಸಿ ಪಾತ್ರೆ ಮುಟ್ಟುವಾಗ ಹುಷಾರು ಎಂದರು. ಹೆಂಡತಿ ಪಕ್ಕದಲ್ಲೇ ಕೂತಿದ್ದಳು.  ಬಸ್ಸಿನಲ್ಲಿ ಬರುವಾಗ, ದವಾಖಾನೆಯ ಪಕ್ಕದ ಸರೋವರದ ಹತ್ತಿರ ಮಾರುತ್ತಿದ್ದ ಪೇರಲೆಹಣ್ಣಿನ ವಿಷಯ ಅವಳು ಏನೋ ಹೇಳಿದಳು, ನಾನು ಹೂಂಗುಟ್ಟಿದೆ.

ಮೇಲಕ್ಕೆ ಏರಬಹುದು ಎಂದರೆ ಎಲ್ಲಿಯವರೆಗೆ? ಬೆರಳು ಹೋಯಿತು, ನಾಳೆ ಅಂಗೈ ಹೋದರೆ? ಅಂಗೈ ಇದ್ದೂ ಇಲ್ಲದಂತಾದರೆ ಮನುಷ್ಯ ಏನನ್ನು ಹಿಡಿದು ಬದುಕಬೇಕು? ಹೆದರಿಕೆಯಾಯಿತು ಎಂದು ಹೇಳಲು ನನಗೇನೂ ನಾಚಿಕೆಯಿಲ್ಲ. ಜೀವಮಾನವಿಡೀ ಕೈಯಿಂದ ಗಾಡಿಯ ನಾಡಿ ನೋಡಿಕೊಂಡು ಬಂದವನು ನಾನು.

ಇಂಥ ಸಮಯದಲ್ಲಿ ಇಂಟರ್ನೆಟ್ಟಿನಲ್ಲಿ ಒಂದು ಸಂಗತಿ ಕಣ್ಣಿಗೆ ಬಿತ್ತು. ಫೋರ್ಸ್ ಫೀಡ್‌ಬ್ಯಾಕ್ ಎಂಬ ಒಂದು ಜಾತಿಯ ಜಾಯ್‌ಸ್ಟಿಕ್ ಇದೆಯಂತೆ. ಅದರ ಹೊಟ್ಟೆಯೊಳಗೆ ಮೋಟಾರು. ವಿಮಾನದ ವೇಗ ಏರಿದಂತೆ ಕೋಲು ಬಿಗಿಯುತ್ತದೆ, ಇಳಿದಂತೆ ಸಡಿಲುತ್ತದೆ, ಮೂಗನ್ನು ಮಿತಿಮೀರಿ ಎತ್ತಿದರೆ ಗಡಗಡ ನಡುಗಿ ಎಚ್ಚರಿಸುತ್ತದೆ. ನೀವು ತಳ್ಳಿದರೆ ಅದೂ ತಿರುಗಿ ನಿಮ್ಮ ಕೈಯನ್ನು ತಳ್ಳುತ್ತದೆ. ಓದುತ್ತಿದ್ದವನು ಎದ್ದು ನಿಂತೆ. ನನಗೆ ಬೇಕಾದದ್ದು ಇದೇ. ವಿಮಾನದ ಸುದ್ದಿಯೂ ತಿಳಿಯುತ್ತದೆ, ನನ್ನ ಕೈಯ ಸುದ್ದಿಯೂ ತಿಳಿಯುತ್ತದೆ. ಕೈಗೆ ಇನ್ನೂ ಎಷ್ಟು ಜೀವವಿದೆ ಎಂದು ಆ ಕೋಲನ್ನೇ ಕೇಳಬಹುದು.

ಆದರೆ ಅದನ್ನು ಮಾಡುವವರು ಎಂದೋ ನಿಲ್ಲಿಸಿದ್ದಾರೆ, ಈಗ ಬರುವ ಹೊಸವುಗಳ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಹಳೆಯದೇ ಗತಿ. ಮಗಳು ಹುಡುಕಿ ಹುಡುಕಿ ಕೊನೆಗೆ ತನ್ನ ಆಫೀಸಿನ ಹತ್ತಿರವೇ, ಕಸ್ಬಾದ ಒಂದು ಫ್ಲ್ಯಾಟಿನಲ್ಲಿ ಮಾರಾಟಕ್ಕಿದ್ದ ಒಂದನ್ನು ಕಂಡುಹಿಡಿದಳು.

ಯಾವನೋ ಕಾಲೇಜು ಹುಡುಗ ಮಾರುತ್ತಿರಬೇಕು ಎಂದುಕೊಂಡು ಹೋದೆ. ಬಾಗಿಲು ತೆಗೆದದ್ದು ನನ್ನದೇ ವಯಸ್ಸಿನ ಒಬ್ಬ ಬಂಗಾಳಿ ಹೆಂಗಸು. ಒಗ್ಗರಣೆಯ ಕೈ ಸೆರಗಿಗೆ ಒರೆಸುತ್ತ, ಬನ್ನಿ ದಾದಾ, ಕಾಕ್‌ಪಿಟ್ ಒಳಗಿದೆ ಎಂದರು. ಹೆಣ್ಣುಮಕ್ಕಳ ಶಾಲೆಯಲ್ಲಿ ಭೂಗೋಳದ ಟೀಚರ್ ಆಗಿದ್ದವರಂತೆ. ಹಿಮಾಲಯದ ಕಣಿವೆಗಳನ್ನು ಕರಿಹಲಗೆಯ ಮೇಲೆ ಬರೆದು ಬರೆದು ಸಾಕಾಗಿ, ನಿವೃತ್ತಿಯಾದ ಮೇಲೆ ಒಂದೊಂದಾಗಿ ಹಾರಿ ನೋಡುತ್ತಿದ್ದೇನೆ ಎಂದರು. ಗೋಡೆಯ ತುಂಬ ನಕ್ಷೆಗಳು. ಮೇಜಿನ ಮೇಲೆ ಹೊಸದೊಂದು ಭರ್ಜರಿ ಕಬ್ಬಿಣದ ಜಾಯ್‌ಸ್ಟಿಕ್ ಬಂದು ಕೂತಿತ್ತು, ಹಾಗಾಗಿ ಹಳೆಯದಕ್ಕೆ ಜಾಗವಿರಲಿಲ್ಲ.

ಹಳೆಯದು ನೋಡಲು ಏನೂ ಚೆಂದವಿರಲಿಲ್ಲ. ಬಣ್ಣ ಮಾಸಿದ ಪ್ಲಾಸ್ಟಿಕ್ಕು, ಗುಂಡಿಗಳ ಮೇಲೆ ಬೆರಳು ಸವೆಸಿದ ಹೊಳಪು, ಹಿಡಿಕೆಯ ಒಂದು ಮಗ್ಗುಲಿಗೆ ಅಂಟಿಸಿದ ಕರಿಯ ಟೇಪು. ಟೀಚರಮ್ಮ ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿ, ತಾವೇ ಮೊದಲು ವಿಮಾನವನ್ನು ಮೇಲೆಬ್ಬಿಸಿ, ನೇಪಾಳದ ಬೆಟ್ಟಗಳ ನಡುವೆ ತಂದು ನನ್ನ ಕೈಗೆ ಕೊಟ್ಟರು.

ಹಿಡಿದೆ. ಬೆರಳಿನ ತುದಿಗಳಲ್ಲಿ, ಹೂವು ಹಿಡಿದ ಹಾಗೆ ಹಿಡಿದೆ. ಕೋಲು ನನ್ನನ್ನು ತಳ್ಳಿತು!

ಬೆರಳಿಗೆ ತಿಳಿಯಿತೋ, ಮಣಿಕಟ್ಟಿಗೆ ತಿಳಿಯಿತೋ, ತೋಳಿಗೆ ತಿಳಿಯಿತೋ ವಿಂಗಡಿಸಿ ಹೇಳಲಾರೆ. ಒಟ್ಟಿನಲ್ಲಿ ತಿಳಿಯಿತು. ವಿಮಾನ ಇಳಿಜಾರಿಗೆ ಮುಖಮಾಡಿ ವೇಗ ಹಿಡಿದಾಗ ಕೋಲು ಎಮ್ಮೆಯ ಕೊರಳಿನಂತೆ ಬಿಗಿಯಿತು, ಎಳೆದರೂ ಬಾರದು. ಇನ್ನೊಂದು ಸಲ ಹುಚ್ಚುಧೈರ್ಯದಿಂದ ಮೂಗು ಮೇಲೆತ್ತಿದೆ, ಇಡೀ ಕೋಲು ನಡುಗತೊಡಗಿತು. ಆ ನಡುಕ ನನಗೆ ತಿಳಿಯುತ್ತಿತ್ತು. ಕಣ್ಣಲ್ಲಿ ನೀರು ಬಂದದ್ದು ಕಾಣದಿರಲೆಂದು ಪರದೆಗೆ ಇನ್ನಷ್ಟು ಮುಖ ಒಡ್ಡಿ ಕೂತೆ. ವಿಮಾನ ಹೋಗಿ ಬೆಟ್ಟಕ್ಕೆ ಬಡಿಯಿತು. ಟೀಚರಮ್ಮ ಹಣೆ ಚಚ್ಚಿಕೊಂಡು, ಇಷ್ಟು ದೂರದಿಂದಲೇ ಬೆಟ್ಟ ಕಾಣುತ್ತಿತ್ತಲ್ಲ ದಾದಾ, ತಿರುಗಿಸುವುದಲ್ಲವೇ ಎಂದು ಗದರಿದರು. ತಿರುಗಿಸುವ ಅಭ್ಯಾಸ ನನಗೆ ಇಲ್ಲ ದಿದಿ, ಎದುರಿಗೆ ಏನಾದರೂ ಬಂದರೆ ಬ್ರೇಕ್ ಹಾಕುವುದಷ್ಟೇ ಗೊತ್ತು ಎಂದೆ. ನನ್ನ ಕೆಲಸ ಏನಿತ್ತೆಂದು ತಿಳಿದ ಮೇಲೆ ಅವರು ಬಿದ್ದು ಬಿದ್ದು ನಕ್ಕರು. ಸಕ್ಕರೆಯಿಲ್ಲದ ಚಹಾ ಕುಡಿಸಿ, ಒಂದು ಬಟ್ಟಲು ಮಂಡಕ್ಕಿ ತಿನ್ನಿಸಿ, ಕೋಲನ್ನು ಹಳೆಯ ಸೀರೆಯಲ್ಲಿ ಸುತ್ತಿ ಕೊಟ್ಟು ಕಳಿಸಿದರು.

ಮನೆಗೆ ತಂದರೆ ಹೆಂಡತಿ ಹೊಸ್ತಿಲಲ್ಲೇ ತಡೆದಳು. "ಯಾರ್‍ಯಾರ ಕೈಯಾಗಿನ ಕೊಳಿ ಐತೋ ಏನೋ, ಒರಸದ ಒಳಗ ಒಯ್ಯಬ್ಯಾಡ್ರಿ." ಹಳೆಯ ಸಾಮಾನು ಯಾವುದೇ ಬರಲಿ, ಮೊದಲು ಅವಳ ಕೈಯಲ್ಲಿ ಸ್ನಾನವಾಗಬೇಕು, ಅದು ನಮ್ಮ ಮನೆಯ ಕಾನೂನು. ಒದ್ದೆ ಬಟ್ಟೆಯಿಂದ ತಿಕ್ಕಿದಳು, ಗುಂಡಿಗಳ ಸಂದಿಯ ಮಣ್ಣನ್ನು ಬೆಂಕಿಕಡ್ಡಿಯಿಂದ ಕೆರೆದಳು. ಆ ಕರಿಯ ಟೇಪನ್ನು ಉಗುರಿನಿಂದ ಸುಲಿದು, ಉಳಿದ ಅಂಟಿಗೆ ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿದಳು. ಕೋಲು ಫಳಫಳ ಹೊಳೆಯಿತು. ನಿನ್ನಂಥ ಕೈ ಇನ್ನೊಬ್ಬರಿಗಿಲ್ಲ ಎಂದು ಹೊಗಳಿದೆ. ಅವಳು ಹೊಗಳಿಕೆಯನ್ನು ನಂಬಲಿಲ್ಲ, ಆದರೂ ಖುಷಿಯಾಯಿತು.

ಕಂಪ್ಯೂಟರಿಗೆ ಸಿಕ್ಕಿಸಿದೆ. ಆಟ ಶುರುಮಾಡಿದೆ. ವಿಮಾನ ಓಡಿತು, ಏರಿತು, ಎಡಕ್ಕೆ ಬಲಕ್ಕೆ ಹೇಳಿದಂತೆ ಹೊರಳಿತು. ಕೈಗೆ ಏನೂ ತಿಳಿಯಲಿಲ್ಲ.

ಗಾಡಿ ನಡುದಾರಿಯಲ್ಲಿ ನಿಂತರೆ ಡ್ರೈವರ್ ಗಾಬರಿಯಾಗಬಾರದು, ಒಂದೊಂದಾಗಿ ನೋಡುತ್ತ ಹೋಗಬೇಕು ಎಂಬುದು ನಾವು ಕಲಿತ ಪಾಠ. ವೈರು ನೋಡಿದೆ, ಸರಿಯಿತ್ತು. ಕರೆಂಟಿನ ದೀಪ ಉರಿಯುತ್ತಿತ್ತು. ಪರದೆಯ ಮೇಲಿನ ಸೆಟ್ಟಿಂಗ್ ತೆಗೆದು ನೋಡಿದರೆ ಬಲ ಪೂರ್ತಿ ಇದೆ ಎಂದೇ ತೋರಿಸುತ್ತಿತ್ತು. ಒಂದೇ ಒಂದು ಸಂಗತಿ ಅನುಮಾನ ತರಿಸಿತು: ಕೈ ಬಿಟ್ಟರೆ ಕೋಲು ನಿದ್ದೆ ಬಂದವನ ತಲೆಯಂತೆ ಪಕ್ಕಕ್ಕೆ ವಾಲಿಬಿಡುತ್ತಿತ್ತು. ಇದಕ್ಕೇನು ಕಾರಣವೆಂದು ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಇದೇ ಜಾಯ್‌ಸ್ಟಿಕ್ ಇಟ್ಟುಕೊಂಡವನೊಬ್ಬ ಬರೆದಿದ್ದ: ಹೆದರಬೇಡಿ, ಅದು ದೋಷವಲ್ಲ, ಕೈ ಬಿಟ್ಟಾಗ ಮೋಟಾರು ಮಲಗುತ್ತದೆ, ಕೈ ಬಂದ ಕೂಡಲೇ ತಾನಾಗಿ ಏಳುತ್ತದೆ, ಹಾಗೆಯೇ ಮಾಡಿದ್ದಾರೆ.

ಓದಿದ ಕೂಡಲೇ ಅರ್ಥವಾಯಿತು. ನಮ್ಮ ಇಂಜಿನ್ನಿನಲ್ಲೂ ಅಂಥದೊಂದು ಏರ್ಪಾಡಿದೆ. ಡ್ರೈವರ್ ಸ್ವಲ್ಪ ಹೊತ್ತು ಏನನ್ನೂ ಮುಟ್ಟದಿದ್ದರೆ ದೀಪ ಮಿನುಗಿ ಪೀಪಿ ಕೂಗುತ್ತದೆ. ಗುಂಡಿ ಒತ್ತಿ, ಇದ್ದೇನಪ್ಪಾ, ಸತ್ತಿಲ್ಲ ಎಂದು ಹೇಳಬೇಕು. ಹೇಳದಿದ್ದರೆ ಬ್ರೇಕ್ ತಾನೇ ಬೀಳುತ್ತದೆ. ಮನುಷ್ಯ ಇದ್ದಾನೋ ಇಲ್ಲವೋ ಎಂದು ಯಂತ್ರ ಕೇಳುವುದು ನನಗೆ ಹೊಸದಲ್ಲ. ಹಾಗಾದರೆ ಕೋಲು ಸರಿಯಾಗಿಯೇ ಇದೆ. ನಾನು ಹಿಡಿದಾಗ ಅದು ಏಳುತ್ತಿದೆ, ತಳ್ಳುತ್ತಿದೆ, ನಡುಗುತ್ತಿದೆ. ತಿಳಿಯದೆ ಇರುವುದು ನನ್ನ ಕೈಗೆ.

ಟೀಚರಮ್ಮನ ಮನೆಯಲ್ಲಿ ತಿಳಿದದ್ದು ಇಲ್ಲಿ ತಿಳಿಯುವುದಿಲ್ಲವೆಂದರೆ ಹೇಗೆ? ಅದಕ್ಕೂ ಉತ್ತರ ಸಿದ್ಧವಿತ್ತು. ಇದು ಮೇಲಕ್ಕೆ ಏರಬಹುದು ಎಂದು ಡಾಕ್ಟರು ಹೇಳಿದ್ದರಲ್ಲ, ಏರಿತು ಅಷ್ಟೇ. ಅಥವಾ ಅವತ್ತು ಕಸ್ಬಾದಲ್ಲಿ ತಿಳಿದದ್ದೂ ನನ್ನ ಆಸೆಯೇ ಇರಬೇಕು, ಬೇಕು ಬೇಕೆಂದು ಹೋದವನಿಗೆ ಎಲ್ಲವೂ ತಿಳಿಯುತ್ತದೆ. ಬೆರಳ ತುದಿಯನ್ನು ಇನ್ನೂ ನಾಜೂಕಾಗಿ ಇಟ್ಟು, ಕಣ್ಣು ಮುಚ್ಚಿ ಕಾದೆ. ನಡುಕವೂ ಇಲ್ಲ, ಬಿಗಿಯೂ ಇಲ್ಲ.

ಅಷ್ಟರಲ್ಲಿ ಹೆಂಡತಿ ಸೆರಗಿಗೆ ಕೈ ಒರೆಸುತ್ತ ಬಂದು ಬೆನ್ನ ಹಿಂದೆ ನಿಂತಳು. "ಹೆಂಗೈತ್ರಿ?"

"ಭಾಳ ಚಲೋ ಐತಿ," ಎಂದೆ. "ಕೈ ಹಿಡದು ಎಳದಂಗ ಆಗತೈತಿ ನೋಡ." ಅಷ್ಟು ಹೇಳಿ ಸುಮ್ಮನಿರಲಿಲ್ಲ. ಕೋಲಿನ ಜೊತೆ ತೋಳನ್ನೂ ಗಡಗಡ ಅಲುಗಿಸಿ, ಹಲ್ಲು ಕಚ್ಚಿ, ದೊಡ್ಡ ಬಿರುಗಾಳಿಗೆ ಸಿಕ್ಕವನಂತೆ ನಟಿಸಿ ತೋರಿಸಿದೆ. ಕಂಪನಿ ನಾಟಕದ ರಾಕ್ಷಸ ಪಾತ್ರಕ್ಕೆ ನನ್ನನ್ನು ಆರಿಸಬಹುದಿತ್ತು. ಅವಳು ನೋಡಿದಳು, ಚಲೋ ಆತು ಬಿಡ್ರಿ ಎಂದು ಒಳಗೆ ಹೋದಳು.

ಮಾಡಬೇಕಾದ ಪರೀಕ್ಷೆ ಒಂದೇ ಒಂದು ಉಳಿದಿತ್ತು. ಹೆಂಡತಿಯನ್ನೋ ಮಗಳನ್ನೋ ಕರೆದು, ಇದನ್ನು ಸ್ವಲ್ಪ ಹಿಡಿದು ನೋಡು, ತಳ್ಳುತ್ತದೆಯೇ ಎಂದು ಕೇಳುವುದು. ಅಥವಾ ಟೀಚರಮ್ಮನಿಗೆ ಫೋನು ಮಾಡುವುದು. ಅಷ್ಟಾದರೆ ತಪ್ಪು ಕೋಲಿನದೋ ಕೈಯದೋ ಪಕ್ಕಾ ಆಗುತ್ತಿತ್ತು. ಎಲ್ಲದರ ಬುಡ ಕೆದಕುವವನು, ಡಾಕ್ಟರ ಕೈಯಿಂದ ಕಡ್ಡಿ ಕಿತ್ತುಕೊಂಡು ಗಲ್ಲಕ್ಕೆ ಒತ್ತಿಕೊಂಡವನು, ಈ ಒಂದು ಪರೀಕ್ಷೆ ಮಾತ್ರ ಮಾಡಲಿಲ್ಲ. ಅವರು ಹಿಡಿದು, ಹೌದು, ತಳ್ಳುತ್ತದಲ್ಲ ಎಂದುಬಿಟ್ಟರೆ? ಆ ಮಾತು ಕೇಳುವ ಧೈರ್ಯ ನನಗಿರಲಿಲ್ಲ. ಎಡಗೈಯಲ್ಲಿ ಹಿಡಿದು ನೋಡಬಹುದಿತ್ತಲ್ಲ ಎನ್ನುತ್ತೀರಿ. ನೋಡಿದೆ, ಅದೇ ನಾಜೂಕಿನ ಹಿಡಿತದಲ್ಲಿ. ಎಡಗೈಗೂ ತಿಳಿಯಲಿಲ್ಲ. ಸರಿ, ಅದೂ ಹೊರಟಿತು ಎಂದುಕೊಂಡೆ.

ಆಮೇಲಿನ ದಿನಗಳಲ್ಲಿ ಕಂಡಕಂಡದ್ದನ್ನೆಲ್ಲ ಮುಟ್ಟಿ ನೋಡುವ ಚಟ ಹತ್ತಿತು. ಬಿಸಿ ಚಹಾದ ಲೋಟ, ಫ್ರಿಜ್ಜಿನ ಬೆನ್ನು, ಮಿಕ್ಸರಿನ ನೆತ್ತಿ. ಒಂದು ಸಂಜೆ ಲಾಂಚಿನಲ್ಲಿ ಹೂಗ್ಲಿ ನದಿ ದಾಟುವಾಗ ಕಬ್ಬಿಣದ ಕಟಕಟೆ ಹಿಡಿದು ನಿಂತೆ. ಕೆಳಗೆ ಇಂಜಿನ್ನು ಗುಡುಗುಡು ಅನ್ನುತ್ತಿತ್ತು. ಕಾಲಿಗೆ ತಿಳಿಯುತ್ತಿಲ್ಲ, ಅದು ಸರಿ. ಬೆರಳಿಗೆ? ಇಲ್ಲ. ಅಂಗೈಗೆ? ಏನೋ ಸ್ವಲ್ಪ. ಕಟಕಟೆಗೆ ಮೊಣಕೈ ಊರಿದೆ, ಚೆನ್ನಾಗಿ ತಿಳಿಯಿತು. ಮೊಣಕೈಯನ್ನು ಎತ್ತಿ ಎತ್ತಿ ಊರುತ್ತಿದ್ದ ನನ್ನನ್ನು ಪಕ್ಕದಲ್ಲಿ ಕಡಲೆಕಾಯಿ ತಿನ್ನುತ್ತಿದ್ದವನು ವಿಚಿತ್ರವಾಗಿ ನೋಡಿ ಸ್ವಲ್ಪ ದೂರ ಸರಿದ. ದೇಹದ ಯಾವ ಭಾಗ ಎಲ್ಲಿಯವರೆಗೆ ನನ್ನದು ಎಂದು ಹೀಗೆ ಗಡಿ ಹುಡುಕುತ್ತ ಹೋಗುವುದರಲ್ಲಿ ಒಂದು ಥರದ ರುಚಿಯೂ ಇತ್ತು, ಅದನ್ನು ಸುಳ್ಳೆನ್ನಲಾರೆ. ಆದರೆ ದಡ ಬಂದಾಗ ಎರಡೂ ಕೈಗಳನ್ನು ಜೇಬಿಗೆ ಸೇರಿಸಿಕೊಂಡು ಇಳಿದೆ.

ಮಧ್ಯಾಹ್ನದ ಹಾರಾಟ ಮಾತ್ರ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮನೆಯವರಿಗೆ ಅನುಮಾನ ಬರುತ್ತದಲ್ಲ. ದಿನಾ ಕೂತು, ಕೈಗೆ ತಿಳಿಯದ ಕೋಲು ಹಿಡಿದು, ಯಾರಾದರೂ ಕೋಣೆಗೆ ಬಂದರೆ ತೋಳು ನಡುಗಿಸುತ್ತಿದ್ದೆ. ಹೆಂಡತಿ ಮೊದಲಿಗಿಂತ ಹೆಚ್ಚು ಸಲ ಕೋಣೆಗೆ ಬರತೊಡಗಿದ್ದಳು. ಚಹಾ ಲೋಟದ ಅರ್ಧಕ್ಕೆ ಬಟ್ಟೆ ಸುತ್ತಿ ಕೊಡತೊಡಗಿದ್ದಳು. ಡಾಕ್ಟರು ಹೇಳಿದ್ದಾರಲ್ಲ, ಅದಕ್ಕೇ ಇರಬೇಕು ಎಂದುಕೊಂಡೆ.

ಬಂಗಾಳಿಗಳ ದಸರೆ, ಪೂಜೋ, ಬಂತು. ನಮ್ಮ ಬೀದಿಯ ತುದಿಯಲ್ಲೇ ಪಂಡಾಲು. ಢಾಕು ಎಂಬ ದೊಡ್ಡ ಡೋಲು ಬಡಿಯುವವರಿಗೆ ದಣಿವೆಂಬುದೇ ಇಲ್ಲ. ಊರೆಲ್ಲ ಹೊಸ ಬಟ್ಟೆ ಹಾಕಿಕೊಂಡು ದೇವಿಯ ಮುಂದೆ ನಿಂತಿದ್ದರೆ ನಮ್ಮ ಮನೆಯಲ್ಲಿ ನವಮಿಯ ದಿನ ಖಂಡೇನವಮಿಯ ಗಡಿಬಿಡಿ. ನಮ್ಮ ಕಡೆ ಅವತ್ತು ಮನೆಯಲ್ಲಿರುವ ಆಯುಧ, ಹತ್ಯಾರ, ದುಡಿಯುವ ಯಂತ್ರ ಎಲ್ಲಕ್ಕೂ ಪೂಜೆ. ಪೂಜೆ ಆದ ಮೇಲೆ ಅವತ್ತೊಂದು ದಿನ ಯಾವುದನ್ನೂ ಮುಟ್ಟುವಂತಿಲ್ಲ, ಅವಕ್ಕೂ ವಿಶ್ರಾಂತಿ. ಈಳಿಗೆ, ಚಾಕು, ಕತ್ತರಿ, ಮಿಕ್ಸರು, ಹೊಲಿಗೆ ಯಂತ್ರ, ನನ್ನ ಹಳೆಯ ಸ್ಪ್ಯಾನರುಗಳು ಎಲ್ಲ ಸಾಲಾಗಿ ಕೂತವು. ಕಂಪ್ಯೂಟರನ್ನು ಅದಿದ್ದಲ್ಲೇ ಪೂಜಿಸಬೇಕಾಗಿದ್ದರಿಂದ ಹೆಂಡತಿ ತಟ್ಟೆ ಹಿಡಿದು ಕೋಣೆಗೇ ಬಂದಳು. ಪರದೆಯ ಮೂಲೆಗೆ ಒಂದು ಬೊಟ್ಟು, ಕೀಬೋರ್ಡಿಗೆ ಒಂದು ಹೂವು. ಜಾಯ್‌ಸ್ಟಿಕ್ಕಿನ ಮುಂದೆ ಮಾತ್ರ ಬಹಳ ಹೊತ್ತು ನಿಂತಳು. ಅರಿಶಿನ, ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ, ಹಿಡಿಕೆಗೆ ಹಣೆ ಯಾವುದೆಂದು ತಿರುಗಿಸಿ ತಿರುಗಿಸಿ ನೋಡಿ, ಒಂದು ಕಡೆ ಕಾಸಗಲ ಬೊಟ್ಟು ಇಟ್ಟು ಕೈಮುಗಿದಳು. ತುಟಿ ಅಲುಗುತ್ತಿತ್ತು. ವಿಮಾನ ಬೀಳದಿರಲಿ ಅಂತ ಬೇಡಿಕೊಳ್ಳಾಕತ್ತಿ ಏನು ಎಂದು ಚೇಷ್ಟೆ ಮಾಡಿದೆ. ಅವಳು ನಗಲಿಲ್ಲ.

ಮರುದಿನ ದಶಮಿ. ಬನ್ನಿ ಎಲೆ ಇಲ್ಲೆಲ್ಲಿ ಸಿಗಬೇಕು, ಮಗಳು ಯಾರದೋ ಕೈತೋಟದಿಂದ ಯಾವುದೋ ಎಲೆ ತಂದಿದ್ದಳು. ಅದನ್ನೇ ಬಂಗಾರವೆಂದು ಒಬ್ಬರಿಗೊಬ್ಬರು ಕೊಟ್ಟುಕೊಂಡು, ಊಟ ಮುಗಿಸಿ, ಅಭ್ಯಾಸಬಲದಿಂದ ಹೋಗಿ ಕಂಪ್ಯೂಟರ್ ಚಾಲೂ ಮಾಡಿದೆ.

ಪಕ್ಕಕ್ಕೆ ವಾಲಿದ್ದ ಕೋಲು ಟಕ್ಕೆಂದು ನೆಟ್ಟಗೆ ನಿಂತಿತು.

ನಾನು ಇನ್ನೂ ಮುಟ್ಟಿರಲಿಲ್ಲ. ಯಾರೂ ಮುಟ್ಟಿರಲಿಲ್ಲ. ಕುರ್ಚಿಯನ್ನು ಹಿಂದಕ್ಕೆ ಸರಿಸಿ, ದೆವ್ವ ಕಂಡವನಂತೆ ಕಣ್ಣು ಕಣ್ಣು ಬಿಟ್ಟೆ. ಆಮೇಲೆ ಮೆಲ್ಲಗೆ ಬೆರಳ ತುದಿಯಿಂದ ಒತ್ತಿದೆ. ಅದು ತಿರುಗಿ ಒತ್ತಿತು. ಇನ್ನಷ್ಟು ಒತ್ತಿದೆ, ಅದೂ ಇನ್ನಷ್ಟು ಒತ್ತಿತು. ತಿಳಿಯುತ್ತಿದೆ! ಕಸ್ಬಾದಲ್ಲಿ ತಿಳಿದಷ್ಟೇ ತಿಳಿಯುತ್ತಿದೆ. ಆಟ ಶುರುಮಾಡಿ, ವಿಮಾನ ಎಬ್ಬಿಸಿ, ಬೇಕೆಂದೇ ಮೂಗು ಎತ್ತಿ ಹಿಡಿದೆ. ಕೋಲು ಗಡಗಡ ನಡುಗಿತು, ಮಣಿಕಟ್ಟು ದಾಟಿ ತೋಳಿನವರೆಗೆ ನಡುಕ ಬಂತು. ಎಷ್ಟು ಹೊತ್ತು ಹಾಗೇ ಹಿಡಿದಿದ್ದೆನೋ, ವಿಮಾನ ಬಿದ್ದದ್ದೂ ಲಕ್ಷ್ಯಕ್ಕೆ ಬರಲಿಲ್ಲ.

ಖುಷಿ ಸ್ವಲ್ಪ ಇಳಿದ ಮೇಲೆ ತಲೆ ಕೆಲಸ ಮಾಡತೊಡಗಿತು. ನಿನ್ನೆಗೂ ಇವತ್ತಿಗೂ ಬದಲಾದದ್ದೇನು? ಬೊಟ್ಟು. ಕನ್ನಡಕ ಹಾಕಿಕೊಂಡು, ಕುಂಕುಮವನ್ನು ಕಡ್ಡಿಯ ತುದಿಯಿಂದ ಮೆಲ್ಲಗೆ ಸರಿಸಿದೆ. ಅದರ ಕೆಳಗೆ ಸಾಸಿವೆ ಕಾಳಿನಷ್ಟು ಒಂದು ಗಾಜಿನ ಕಣ್ಣು. ಕುಂಕುಮ ಸರಿದದ್ದೇ ತಡ, ಕೋಲು ಮತ್ತೆ ಸೋತು ವಾಲಿತು. ಕಣ್ಣಿನ ಮೇಲೆ ಬೆರಳಿಟ್ಟೆ, ಎದ್ದಿತು. ತೆಗೆದೆ, ಮಲಗಿತು. ಇಟ್ಟೆ, ಎದ್ದಿತು. ಅಯ್ಯೋ ನಿನ್ನ! ಕೈ ಇದೆಯೋ ಇಲ್ಲವೋ ಎಂದು ಅದು ನೋಡುತ್ತಿದ್ದದ್ದು ಈ ಕಣ್ಣಿನಿಂದ. ಪೂರ್ತಿ ಅಂಗೈ ಸುತ್ತಿ ಹಿಡಿದರೆ ಕಣ್ಣು ಮುಚ್ಚುತ್ತದೆ, ಮೋಟಾರು ಏಳುತ್ತದೆ. ನಾನೋ, ಚೆನ್ನಾಗಿ ತಿಳಿಯಲಿ ಎಂದು ಬೆರಳ ತುದಿಯಲ್ಲಿ ಹೂವಿನಂತೆ ಹಿಡಿದು ಕೂತವನು. ನನ್ನ ಕೈಗೆ ಕೋಲು ತಿಳಿಯಲಿಲ್ಲ ಎಂದು ನಾನು ಅಳುತ್ತಿದ್ದರೆ, ಕೋಲಿಗೇ ನನ್ನ ಕೈ ತಿಳಿದಿರಲಿಲ್ಲ.

ತಕ್ಷಣ ಟೀಚರಮ್ಮನಿಗೆ ಫೋನು ಹಚ್ಚಿದೆ. ಆಚೆ ಕಡೆ ಶಂಖ, ನಾಲಿಗೆ ಹೊರಳಿಸಿ ಹೆಂಗಸರು ಕೂಗುವ ಉಲುಧ್ವನಿ, ಒಬ್ಬರಿಗೊಬ್ಬರು ಸಿಂದೂರ ಬಳಿಯುವ ಆಟದ ಗದ್ದಲ. ಅದರ ನಡುವೆಯೇ, ಹೌದಲ್ಲ ದಾದಾ, ಮರೆತೇಬಿಟ್ಟಿದ್ದೆ, ನನ್ನ ಕೈ ಸಣ್ಣದು, ಅದು ಪದೇ ಪದೇ ಮಲಗುತ್ತಿತ್ತು, ಅದಕ್ಕೇ ಎಂದೋ ಟೇಪು ಅಂಟಿಸಿದ್ದೆ ಎಂದು ಕೂಗಿ ಹೇಳಿದರು. ಆ ಟೇಪನ್ನು ಕೊಬ್ಬರಿ ಎಣ್ಣೆ ಹಚ್ಚಿ ಸುಲಿದವಳು ನನ್ನ ಹೆಂಡತಿ. ಅದೇ ಜಾಗ ಚೊಕ್ಕಟವಾಗಿ ಹೊಳೆಯುತ್ತಿತ್ತೆಂದು ಅಲ್ಲೇ ಬೊಟ್ಟಿಟ್ಟು ಕಣ್ಣು ಮುಚ್ಚಿದವಳೂ ಅವಳೇ.

ಅವಳನ್ನು ಕೂಗಿ ಕರೆದೆ. ಮಂಚದ ಮೇಲೆ ಕೂರಿಸಿ, ಮೇಷ್ಟರ ಹಾಗೆ ಎಲ್ಲವನ್ನೂ ವಿವರಿಸಿದೆ. ಗಾಜಿನ ಕಣ್ಣು ತೋರಿಸಿದೆ, ಬೆಳಕು ಹೋಗುವುದು, ತಡೆಯುವುದು ಹೇಳಿದೆ, ಬೆರಳಿಟ್ಟು ತೆಗೆದು ಮಾಡಿ ತೋರಿಸಿದೆ. ಇಷ್ಟು ದಿನ ಇದು ನನ್ನ ಹಿಡಿತದಲ್ಲಿ ನಿದ್ದೆ ಮಾಡುತ್ತಿತ್ತು, ನಿನ್ನ ಕುಂಕುಮ ಬಿದ್ದು ಎದ್ದಿತು ಎಂದು ನಕ್ಕೆ. ಅವಳು ನಗದೆ ನನ್ನ ಮುಖವನ್ನೇ ನೋಡುತ್ತಿದ್ದಳು.

"ಹಂಗಾರ ನಿಮ್ಮ ಕೈ ಹೋಗಿಲ್ಲೇನ್ರಿ?"

ನನ್ನ ನಗು ಅಲ್ಲಿಗೇ ನಿಂತಿತು. ಕೈ ಹೋಯಿತೆಂದು ನಾನು ಅವಳಿಗೆ ಹೇಳಿಯೇ ಇರಲಿಲ್ಲ. ಯಾರಿಗೂ ಹೇಳಿರಲಿಲ್ಲ.

"ಕೈ ಹೋಗೇತಿ ಅಂತ ನಿನಗ ಯಾರ ಹೇಳಿದ್ರು?"

"ಯಾರ ಹೇಳಬೇಕ್ರಿ," ಎಂದಳು. "ಇದು ಬಂದ ಹೊಸದಾಗ ಒಂದಿನ ಇದನ್ನ ಚಾಲೂ ಇಟ್ಟು ಕಾಯಿಪಲ್ಲೆ ತರಾಕ ಹೋಗಿದ್ರಿ. ಧೂಳಾ ಒರಸಾಕ ಬಂದು ಗಟ್ಟಿ ಹಿಡಕೊಂಡೆ. ನನ್ನ ಕೈಯಾಗ ಹೆಂಗ ನೂಕತು ಅಂತೀರಿ, ಹೆದರಿ ಕೈ ಬಿಟ್ಟೆ. ಆಮ್ಯಾಲೆ ನೀವು ಕುಂತು ಆಡೋಮುಂದ ನೋಡಿದೆ. ಅದು ನಡಗತಿರಲಿಲ್ಲ, ನೀವಾ ನಡಗಸ್ತಿದ್ರಿ."

ಮೊದಲ ವಾರದಲ್ಲೇ ಅವಳಿಗೆ ತಿಳಿದುಹೋಗಿತ್ತು. ನಾನು ಮಾಡಲು ಹೆದರಿದ ಪರೀಕ್ಷೆಯನ್ನು ಅವಳು ಗೊತ್ತಿಲ್ಲದೆಯೇ ಮಾಡಿ, ಅದರ ಫಲವನ್ನು ಹೊಟ್ಟೆಯಲ್ಲಿ ಹಾಕಿಕೊಂಡು, ನನ್ನ ನಾಟಕವನ್ನು ದಿನಾ ಬಂದು ನಿಂತು ನೋಡಿ, ಚಲೋ ಆತು ಬಿಡ್ರಿ ಎಂದು ಹೋಗುತ್ತಿದ್ದಳು.

"ಒಂದ ಮಾತ ಹೇಳಬಾರದಿತ್ತಾ?"

"ಹೆಂಗ ಹೇಳಲ್ರಿ. ನೀವಾ ಮುಚ್ಚಿ ಇಟ್ಟದ್ದನ್ನ ನಾ ಹೆಂಗ ತೆಗೀಲಿ?" ಸೆರಗಿನಿಂದ ಮೂಗು ಒರೆಸಿಕೊಂಡಳು. "ನಿನ್ನಿ ಕುಂಕುಮ ಹಚ್ಚೋಮುಂದ ಅದಕ್ಕ ಬೇಡಿಕೊಂಡೆ. ಇವರ ಕೈಯಾಗೂ ಒಂದೀಟು ನೂಕಪಾ ಅಂತ."

ಗಾಜಿನ ಕಣ್ಣಿನ ವಿಚಾರ, ಬೆಳಕಿನ ವಿಚಾರ ನಾನು ಮುಂದುವರಿಸಲಿಲ್ಲ. ಎದ್ದು ಕುರ್ಚಿಯನ್ನು ಅವಳ ಕಡೆ ತಿರುಗಿಸಿ, ಕೂತು ಕೋಲು ಹಿಡಿ ಎಂದೆ.